ಹಸುಗೂಸಿನ ಕರುಳಿನ ಕಾವಲು: ಬೈಫಿಡೋಬ್ಯಾಕ್ಟೀರಿಯಂ



ಮಗು ಜನಿಸಿದೊಡನೆ ಅದರ ನಾಲಿಗೆಗೆ ಜೇನುತುಪ್ಪ ಅಥವಾ ಸಕ್ಕರೆ ನೀರನ್ನು ಮುಟ್ಟಿಸುವ ರೂಢಿ ನಮ್ಮ ಹಲವು ಮನೆಗಳಲ್ಲಿ ಇಂದಿಗೂ ಇದೆ. ಪ್ರೀತಿಯಿಂದಲೇ ನಡೆಯುವ ಈ ಆಚರಣೆಯನ್ನು ಏಕೆ ಕೈಬಿಡಬೇಕೆಂಬುದು, ಶಿಶುವಿನ ಕರುಳಿನಲ್ಲಿ ನಡೆಯುವ ಕಾರ್ಯವನ್ನು ಅರಿತಾಗ ಸ್ಪಷ್ಟವಾಗುತ್ತದೆ.

ಎಲ್ಲ ಬ್ಯಾಕ್ಟೀರಿಯಾಗಳೂ ರೋಗಕಾರಕಗಳಲ್ಲ. ಬೈಫಿಡೋಬ್ಯಾಕ್ಟೀರಿಯಂ ಎಂಬುದು ಮಾನವನ ಕರುಳಿನಲ್ಲಿ ನೆಲೆಸುವ, ಆಮ್ಲಜನಕವಿಲ್ಲದೆಡೆ ಬೆಳೆಯುವ ಉಪಕಾರಿ ಬ್ಯಾಕ್ಟೀರಿಯಾಗಳ ಒಂದು ಕುಲ. 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆನ್ರಿ ಟಿಸಿಯೆ ಅವರು ಎದೆಹಾಲುಣ್ಣುವ ಶಿಶುವಿನ ಮಲದಲ್ಲಿ ಇದನ್ನು ಗುರುತಿಸಿದರು. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಕಡ್ಡಿಯಂತೆ ಕಾಣುವುದರಿಂದ ಇದಕ್ಕೆ ಈ ಹೆಸರು.

ತಾಯಿಯ ಹಾಲಿನಲ್ಲಿ ಮಗು ತಾನೇ ಜೀರ್ಣಿಸಿಕೊಳ್ಳಲಾರದ ಕೆಲವು ವಿಶಿಷ್ಟ ಸಕ್ಕರೆಗಳಿವೆ. ಹಾಲಿನ ಘನಾಂಶದಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನ ಇವುಗಳದೇ. ಇವು ವ್ಯರ್ಥವಾಗುವುದಿಲ್ಲ, ಬೈಫಿಡೋಬ್ಯಾಕ್ಟೀರಿಯಂಗೆ ಇವೇ ಆಹಾರ. ಅದು ಇವನ್ನು ಹುದುಗಿಸಿ ಅಸಿಟಿಕ್ ಹಾಗೂ ಲ್ಯಾಕ್ಟಿಕ್ ಆಮ್ಲಗಳನ್ನು ಉತ್ಪಾದಿಸುತ್ತದೆ. ಹೀಗೆ ಹುಳಿಯಾದ ಕರುಳಿನಲ್ಲಿ ಅತಿಸಾರ ತರುವ ಹಲವು ರೋಗಾಣುಗಳು ಬೇರೂರುವುದು ಕಷ್ಟ. ಅಂದರೆ ಎದೆಹಾಲು ಮಗುವನ್ನಷ್ಟೇ ಅಲ್ಲ, ಮಗುವಿನ ಕಾವಲನ್ನೂ ಪೋಷಿಸುತ್ತದೆ.

ಹಸುವಿನ ಹಾಲಿನಲ್ಲಿ ಈ ಸಕ್ಕರೆಗಳು ಅತ್ಯಲ್ಪ. ಹೊರಗಿನ ನೀರು, ಬಾಟಲಿಗಳ ಮೂಲಕ ರೋಗಾಣುಗಳು ಒಳಸೇರಬಹುದು. ಜೇನುತುಪ್ಪದಲ್ಲಿ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬೀಜಾಣುಗಳು ಇರಬಹುದಾದ್ದರಿಂದ, ಒಂದು ವರ್ಷ ತುಂಬುವವರೆಗೆ ಅದನ್ನು ಕೊಡಲೇಬಾರದು. ಆಂಟಿಬಯೋಟಿಕ್ ಔಷಧಗಳು ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ನೀಡಬಾರದು.

ಆದ್ದರಿಂದ ಸದಸ್ಯರು ಈ ಕೆಳಕಂಡ ಅಂಶಗಳನ್ನು ಗ್ರಾಮಸಭೆಯಲ್ಲಿಯೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿಯೂ ತಿಳಿಯಪಡಿಸುವುದು:

1. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸುವುದು. ಮೊದಲ ಗಿಣ್ಣುಹಾಲನ್ನು ಚೆಲ್ಲದಿರುವುದು.
2. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ; ನೀರೂ ಬೇಡ. ವೈದ್ಯರು ಸೂಚಿಸಿದ ಔಷಧ, ಓಆರ್‌ಎಸ್‌ಗೆ ಅಡ್ಡಿಯಿಲ್ಲ.
3. ಆರು ತಿಂಗಳ ನಂತರ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಸುವುದು.
4. ಹಾಲು ಸಾಲದೆಂದು ತೋರಿದಲ್ಲಿ ತಾಯಿಯನ್ನು ದೂಷಿಸದೆ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವು ಪಡೆಯುವುದು.

ಬಾಣಂತಿಗೆ ಮನೆಯ ಹಿರಿಯರ ಮಾತೇ ಅಂತಿಮವಾಗಿರುವುದುಂಟು. ಆದಕಾರಣ ಈ ವಿಷಯವನ್ನು ತಾಯಂದಿರಿಗಷ್ಟೇ ಅಲ್ಲದೆ ಅತ್ತೆಯಂದಿರಿಗೂ ಗಂಡಸರಿಗೂ ಮನವರಿಕೆ ಮಾಡಿಕೊಡುವಂತೆ ಕೋರಲಾಗಿದೆ.