ಚರ್ಮ ಕಳಿಸುವ ಓಲೆ

ಹಲ್ಲು ಮೂಡಿದ ಮಗು ತನ್ನ ನಾಲಿಗೆಯನ್ನೇ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತದೆ, ಅಳುವುದಿಲ್ಲ. ಕಾದ ಬಾಣಲೆ ಮುಟ್ಟಿದರೂ ಕೈ ಹಿಂದಕ್ಕೆ ಬಾರದು. ಬೆವರಂತೂ ಇಲ್ಲವೇ ಇಲ್ಲ, ಸೆಖೆಗೆ ಮೈ ಕೆಂಡವಾಗುತ್ತದೆ. ಹುಟ್ಟಿನಿಂದ ಬರುವ ಈ ಅಪರೂಪದ ಕಾಯಿಲೆ ಯಾಕೆಂದು ತಿಳಿಯಲು ಕೋಳಿಮೊಟ್ಟೆಯಿಂದ ಶುರುಮಾಡಬೇಕು.

1938ರಲ್ಲಿ ಮುಸೊಲಿನಿಯ ಕಾನೂನು ಯಹೂದಿಗಳನ್ನು ಇಟಲಿಯ ವಿಶ್ವವಿದ್ಯಾಲಯಗಳಿಂದ ಹೊರದಬ್ಬಿತು. ರೀಟಾ ಲೆವಿ-ಮೊಂಟಾಲ್ಚಿನಿ ಟ್ಯೂರಿನ್ನಿನ ಮನೆಯಲ್ಲಿ, ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಹೂಡಿದರು. ಹೊಲಿಗೆ ಸೂಜಿ ಮಸೆದದ್ದೇ ಶಸ್ತ್ರ. ಬಾಂಬಿಗೆ ಹೆದರಿ ಹಳ್ಳಿ ಸೇರಿದಾಗ, ಮದುವೆಯೇ ಆಗದ ಈಕೆ ‘ಮಕ್ಕಳಿಗೆ ಪುಷ್ಟಿ’ ಎಂದು ಸುಳ್ಳು ಹೇಳಿ, ಸೈಕಲ್ಲಿನಲ್ಲಿ ಮನೆಮನೆ ತಿರುಗಿ ಮರಿಯಾಗುವ ಮೊಟ್ಟೆ ತರುತ್ತಿದ್ದರು. ಭ್ರೂಣ ತೆಗೆದುಕೊಂಡು ಉಳಿದದ್ದು ಅಡುಗೆಮನೆಗೆ. ಗುಟ್ಟು ತಿಳಿದ ಮೇಲೆ ಅಣ್ಣ ಜೀನೊಗೆ ಆಮ್ಲೆಟ್ಟಿನ ಆಸೆಯೇ ಬತ್ತಿತು.

ಭ್ರೂಣದ ಕಾಲಿನ ಮೊಗ್ಗು ಕತ್ತರಿಸಿದರೆ ಅತ್ತ ಹೋಗಬೇಕಿದ್ದ ನರಕೋಶಗಳು ಹುಟ್ಟುತ್ತಿದ್ದವು, ಬೆಳೆಯುತ್ತಿದ್ದವು, ಆಮೇಲೆ ಸಾಯುತ್ತಿದ್ದವು. ನರವನ್ನು ಕರೆಂಟಿನ ತಂತಿಗೆ ಹೋಲಿಸುವ ರೂಢಿ ನನಗೆ ಒಗ್ಗದಿರುವುದು ಇದಕ್ಕೇ. ಬಲ್ಬು ತೆಗೆದರೆ ಯಾವ ತಂತಿ ಸಾಯುತ್ತದೆ? 1952ರಲ್ಲಿ ರಿಯೊ ಡಿ ಜನೈರೊದಲ್ಲಿ ಅವರು ಇಲಿಯ ಗಡ್ಡೆಯ ಚೂರೊಂದನ್ನು ಕೋಳಿಯ ನರಗಂಟಿನ ಪಕ್ಕ ಇಟ್ಟರು. ನರಗಂಟಿನ ಸುತ್ತ ಸೂರ್ಯನ ಕಿರಣಗಳಂತೆ ಎಳೆಗಳು ಚಿಮ್ಮಿದವು. ಗಡ್ಡೆಯಿಂದ ಒಸರಿದ ವಸ್ತುವನ್ನು ಬೇರ್ಪಡಿಸಿದವರು ಸ್ಟ್ಯಾನ್ಲಿ ಕೊಹೆನ್. ಅದು ನರ ಬೆಳೆಸುವ ಪ್ರೋಟೀನು, ಎನ್‌ಜಿಎಫ್. 1986ರ ನೊಬೆಲ್ ಇಬ್ಬರಿಗೂ ಬಂತು.

ಚರ್ಮದ ಕೋಶಗಳು ಈ ಪ್ರೋಟೀನನ್ನು ತುಸುವೇ ತಯಾರಿಸುತ್ತವೆ. ನರದ ತುದಿಯಲ್ಲಿ ಅದನ್ನು ಹಿಡಿಯುವುದು ಟ್ರ್ಯಾಕ್-ಎ ಎಂಬ ಗ್ರಾಹಕ. ಹಿಡಿದೊಡನೆ ಎರಡು ಟ್ರ್ಯಾಕ್-ಎಗಳು ಜೋಡಿಯಾಗಿ ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಒಳಗಿನ ಪ್ರೋಟೀನುಗಳು ಸಾಲಾಗಿ ಎಚ್ಚರಗೊಳ್ಳುತ್ತವೆ. ಜೋಡಿಯನ್ನು ಕೋಶಪೊರೆ ಪುಟ್ಟ ಚೀಲದಲ್ಲಿ ಒಳಕ್ಕೆಳೆದುಕೊಳ್ಳುತ್ತದೆ. ಡೈನೀನ್ ಎಂಬ ಹಮಾಲಿ ಆ ಚೀಲ ಹೊತ್ತು, ನರದೊಳಗಿನ ಹಳಿಯ ಮೇಲೆ ಬೆನ್ನುಹುರಿಯ ಪಕ್ಕದ ಕೋಶಕಾಯದವರೆಗೂ ನಡೆಯುತ್ತದೆ. ವಯಸ್ಕರ ಕಾಲ್ಬೆರಳಿನಿಂದ ಅದು ಹತ್ತಿರಹತ್ತಿರ ಒಂದು ಮೀಟರ್ ದಾರಿ. ಭ್ರೂಣದಲ್ಲಿ ಓಲೆ ತಲುಪಿದ ಕೋಶ ಉಳಿಯುತ್ತದೆ, ತಲುಪದ್ದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ.

ಆ ಮಗುವಿನಲ್ಲಿ ಟ್ರ್ಯಾಕ್-ಎ ಜೀನು ಕೆಟ್ಟಿದೆ. ಚರ್ಮ ಓಲೆ ಕಳಿಸುತ್ತಲೇ ಇದೆ, ಓದುವವರಿಲ್ಲ. ನೋವಿನ ನರಗಳೂ ಬೆವರುಗ್ರಂಥಿಯ ನರಗಳೂ ಮಗು ಹುಟ್ಟುವ ಮೊದಲೇ ಅಳಿದಿವೆ.

ಇದೇ ಓಲೆಯನ್ನು ಬೇಕೆಂದೇ ತಡೆದರೆ ಮಂಡಿನೋವು ಇಳಿದೀತಲ್ಲ ಎಂದು ಟ್ಯಾನೆಜುಮ್ಯಾಬ್ ಎಂಬ ಚುಚ್ಚುಮದ್ದು ತಯಾರಾಯಿತು. ನೋವೇನೋ ಇಳಿಯಿತು, ಕೆಲವರ ಕೀಲು ಬಹುಬೇಗ ಸವೆಯಿತು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಸಲಹಾ ಸಮಿತಿ ಅದರ ವಿರುದ್ಧ ಮತ ಹಾಕಿತು.