ಸಾಕುಮೊಲಕ್ಕೆ ಎಂತಹ ಆಟಿಕೆ?

ಪಂಜರದ ಮೂಲೆಯಲ್ಲಿ ಮುದುರಿ ಕುಳಿತ ಮೊಲವನ್ನು ಕಂಡು ‘ಎಷ್ಟು ಸಾಧುಪ್ರಾಣಿ!’ ಎಂದು ಮೆಚ್ಚುವವರು ಬಹಳ ಮಂದಿ. ಬೇಸರವಾದರೆ ನಾಯಿ ಬೊಗಳುತ್ತದೆ, ಗಿಳಿ ಕಿರಿಚುತ್ತದೆ. ಮೊಲವಾದರೋ ಸದ್ದಿಲ್ಲದ ಪ್ರಾಣಿ. ಬೇಟೆಗೆ ಗುರಿಯಾಗುವ ಜೀವಿಯಾದುದರಿಂದ ಅದು ತನ್ನ ದೌರ್ಬಲ್ಯವನ್ನು ಹೊರಗೆ ತೋರಗೊಡುವುದಿಲ್ಲ. ನಾವು ಸಾಧುತ್ವವೆಂದು ಬಗೆಯುವುದು ಎಷ್ಟೋ ವೇಳೆ ಮಾಡಲು ಕೆಲಸವಿಲ್ಲದ ಜೀವಿಯ ಜಡತೆಯಾಗಿರುತ್ತದೆ. ಪಂಜರದ ಸರಳುಗಳನ್ನು ಎಡೆಬಿಡದೆ ಕಚ್ಚುವುದು, ಮೈಯನ್ನು ಮಿತಿಮೀರಿ ನೆಕ್ಕಿಕೊಳ್ಳುವುದು ಇವೂ ಅದೇ ಕೊರತೆಯ ಲಕ್ಷಣಗಳಾಗಿರಬಹುದು.

ಸೆರೆಯಲ್ಲಿರುವ ಪ್ರಾಣಿಗಳಿಗೆ ಉದ್ಯೋಗವಿಲ್ಲದಿರುವುದು ಮೃಗಾಲಯಗಳ ದೊಡ್ಡ ಸಮಸ್ಯೆಗಳಲ್ಲೊಂದೆಂದು ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಅವರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಎತ್ತಿ ತೋರಿಸಿದರು. ಆಹಾರವನ್ನು ಹುಡುಕುವುದು, ಶತ್ರುವಿನಿಂದ ತಪ್ಪಿಸಿಕೊಳ್ಳುವುದು, ನೆಲೆಯನ್ನು ಕಟ್ಟಿಕೊಳ್ಳುವುದು ಇವುಗಳಲ್ಲಿಯೇ ಕಾಡುಪ್ರಾಣಿಯ ದಿನ ಕಳೆಯುತ್ತದೆ. ಪಂಜರದಲ್ಲಿ ಈ ಕೆಲಸಗಳನ್ನೆಲ್ಲ ನಾವೇ ಮಾಡಿಬಿಡುತ್ತೇವೆ. ಆದರೆ ಅವನ್ನು ಮಾಡಬೇಕೆಂಬ ಪ್ರೇರಣೆ ಪ್ರಾಣಿಯಲ್ಲಿ ಉಳಿದೇ ಇರುತ್ತದೆ. ಆ ಪ್ರೇರಣೆಗೆ ದಾರಿ ಮಾಡಿಕೊಡುವ ವಸ್ತುವೇ ನಿಜವಾದ ಆಟಿಕೆ. ಆದುದರಿಂದ ಆಟಿಕೆಯನ್ನು ಆರಿಸುವ ಮುನ್ನ ಮೊಲದ ಸಹಜ ಜೀವನವನ್ನು ಅರಿಯಬೇಕು.

ಕನ್ನಡದಲ್ಲಿ ‘ಮೊಲ’ ಎಂಬ ಒಂದೇ ಶಬ್ದವು ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಹೊಲಗಳ ಅಂಚಿನಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಕಾಣುವ ಕಾಡುಮೊಲವು ಬಿಲ ತೋಡುವುದಿಲ್ಲ. ಅದು ಪೊದೆಯ ಮರೆಯಲ್ಲಿ ಅಡಗಿದ್ದು, ಅಪಾಯ ಬಂದಾಗ ಓಡಿ ಪಾರಾಗುತ್ತದೆ. ಅದರ ಮರಿಗಳು ಕಣ್ಣು ತೆರೆದುಕೊಂಡು, ಮೈತುಂಬ ಕೂದಲಿನೊಡನೆಯೇ ಹುಟ್ಟುತ್ತವೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ನಾವು ಮನೆಗಳಲ್ಲಿ ಸಾಕುವ ಮೊಲವಾದರೋ ಓರಿಕ್ಟೊಲಾಗಸ್ ಕ್ಯುನಿಕ್ಯುಲಸ್ ಎಂಬ ಯೂರೋಪಿನ ಪ್ರಾಣಿಯ ವಂಶದ್ದು. ಸ್ಪೇನ್, ಪೋರ್ಚುಗಲ್ ಮತ್ತು ಫ್ರಾನ್ಸಿನ ನೈಋತ್ಯ ಭಾಗ ಅದರ ತವರು. ಬ್ರಿಟನ್ನಿನ ರೊನಾಲ್ಡ್ ಲಾಕ್ಲಿ ಎಂಬವರು ವೇಲ್ಸ್ ಸೀಮೆಯಲ್ಲಿ ಈ ಮೊಲಗಳನ್ನು ಬಹುಕಾಲ ಗಮನಿಸಿ, ಅವುಗಳ ಜೀವನವನ್ನು ಕುರಿತ ಗ್ರಂಥವೊಂದನ್ನು 1964ರಲ್ಲಿ ಪ್ರಕಟಿಸಿದರು. ಈ ಮೊಲಗಳು ಗುಂಪಾಗಿ ಬಾಳುತ್ತವೆ. ನೆಲದಡಿ ಕವಲೊಡೆದ ಬಿಲಗಳನ್ನು ತೋಡುತ್ತವೆ. ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಹೊರಬಂದು ಮೇಯುತ್ತವೆ. ಮೇಯುವುದು, ತೋಡುವುದು, ಅಡಗುವುದು, ಓಡುವುದು—ಆಟಿಕೆಯ ಆಯ್ಕೆಗೆ ಈ ನಾಲ್ಕು ಕೆಲಸಗಳೇ ಆಧಾರ.

ಮೊದಲು ಮೇಯುವುದನ್ನು ನೋಡೋಣ. ಮೊಲಕ್ಕೆ 28 ಹಲ್ಲುಗಳು. ಅವೆಲ್ಲವೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲುಗಳಂತೂ ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತವೆ. ಒಂದು ಮರದ ತುಂಡನ್ನು ಕಡಿಯಲು ಕೊಟ್ಟರೆ ಹಲ್ಲು ಸವೆಯುತ್ತದೆಂದು ಅನೇಕರು ನಂಬಿದ್ದಾರೆ. ಇದು ಅರೆಸತ್ಯ. ಒಳಗಿರುವ ದವಡೆಹಲ್ಲುಗಳು ಸವೆಯಬೇಕಾದರೆ ಮೊಲವು ದವಡೆಯನ್ನು ಅಡ್ಡಡ್ಡವಾಗಿ ಆಡಿಸಿ ಹುಲ್ಲನ್ನು ಬಹಳ ಹೊತ್ತು ಅರೆಯಬೇಕು. ಹುಲ್ಲಿನಲ್ಲಿರುವ ಸಿಲಿಕಾ ಕಣಗಳು ಇದಕ್ಕೆ ನೆರವಾಗುತ್ತವೆ. ಹಲ್ಲು ಸವೆಯದಿದ್ದರೆ ಅದರ ಮೊನಚಾದ ಅಂಚು ನಾಲಗೆಯನ್ನೂ ಕೆನ್ನೆಯನ್ನೂ ಗೀರುತ್ತದೆ. ಮೊಲವು ಆಹಾರವನ್ನು ಬಿಡುತ್ತದೆ. ನಾರು ದೊರೆಯದ ಕರುಳಿನ ಚಲನೆ ನಿಂತುಹೋಗಿ ಪ್ರಾಣಕ್ಕೇ ಅಪಾಯವಾಗುತ್ತದೆ. 12 ಗಂಟೆಗಳ ಕಾಲ ಆಹಾರವನ್ನು ಮುಟ್ಟದ ಮೊಲವನ್ನು ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಆದ್ದರಿಂದ ಮೊಲದ ಮೊದಲನೆಯ ಆಟಿಕೆ ಹುಲ್ಲೇ. ಬತ್ತದ ಹುಲ್ಲಿನಲ್ಲಿ ಸತ್ತ್ವ ಕಡಮೆಯಾದುದರಿಂದ, ಗರಿಕೆಯಂತಹ ಮೇವಿನ ಹುಲ್ಲನ್ನು ಹಸಿಯಾಗಿಯೋ ಒಣಗಿಸಿಯೋ ಕೊಡುವುದು ಲೇಸು. ಅದನ್ನು ಒಂದೇ ಕಡೆ ರಾಶಿ ಹಾಕದೆ ರಟ್ಟಿನ ಕೊಳವೆಯಲ್ಲಿ ತುರುಕಿಯೋ ಬುಟ್ಟಿಯಲ್ಲಿ ತುಂಬಿಯೋ ಇಟ್ಟರೆ, ಎಳೆದೆಳೆದು ತಿನ್ನುವ ಕೆಲಸ ಮೊಲಕ್ಕೆ ದೊರೆಯುತ್ತದೆ. ಹಿಪ್ಪುನೇರಳೆಯ ಎಳೆಯ ಕಡ್ಡಿಗಳನ್ನು ಕಡಿಯಲು ಕೊಡಬಹುದು. ಕಣಗಿಲೆ, ಎಕ್ಕ ಮುಂತಾದ ವಿಷಗಿಡಗಳು ಬಳಿಯಲ್ಲಿಯೂ ಇರಕೂಡದು.

ತೋಡುವುದಕ್ಕೆ ಅಗಲವಾದ ಪೆಟ್ಟಿಗೆಯೊಂದರಲ್ಲಿ ಶುದ್ಧವಾದ ಮಣ್ಣನ್ನೋ ಹರಿದ ಕಾಗದದ ಚೂರುಗಳನ್ನೋ ತುಂಬಿಟ್ಟರೆ ಸಾಕು. ಅಡಗುವುದಕ್ಕೆ ಕೊಡುವ ಗೂಡಿಗೆ ಎರಡು ಬಾಗಿಲುಗಳಿರಬೇಕೆಂಬುದನ್ನು ಮರೆಯಬಾರದು. ಒಂದೇ ಬಾಗಿಲಿನ ಗೂಡು ಬೇಟೆಯ ಪ್ರಾಣಿಗೆ ಆಶ್ರಯವಾಗಿರದೆ ಬೋನಿನಂತೆ ತೋರಬಹುದು. ಮೊಲವು ಬೆವರಿ ಮೈ ತಣಿಸಿಕೊಳ್ಳಲಾರದು. ಕಿವಿಗಳ ರಕ್ತನಾಳಗಳ ಮೂಲಕವೇ ಬಹುಮಟ್ಟಿಗೆ ಶಾಖವನ್ನು ಹೊರಹಾಕುತ್ತದೆ. 30 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ನಮ್ಮ ಬೇಸಗೆಯಲ್ಲಿ ಎರಡೂ ಕಡೆ ತೆರೆದ, ಅಗಲವಾದ ಮಣ್ಣಿನ ಕೊಳವೆಯನ್ನು ನೆರಳಿನಲ್ಲಿಟ್ಟರೆ ಅದು ಬಿಲವೂ ಆಗುತ್ತದೆ, ತಂಪಿನ ತಾಣವೂ ಆಗುತ್ತದೆ.

ಓಡುವುದಕ್ಕೆ ಆಟಿಕೆಗಿಂತ ಸ್ಥಳವೇ ಮುಖ್ಯ. ಬೆಕ್ಕಿನ ಅಸ್ಥಿಪಂಜರವು ಅದರ ತೂಕದ ನೂರಕ್ಕೆ 12ರಿಂದ 13 ಭಾಗವಿದ್ದರೆ, ಮೊಲದ್ದು 7ರಿಂದ 8 ಭಾಗ ಮಾತ್ರ. ಇಂತಹ ಹಗುರವಾದ ಮೂಳೆಗಳು ವ್ಯಾಯಾಮವಿಲ್ಲದೆ ಇನ್ನಷ್ಟು ದುರ್ಬಲವಾಗುತ್ತವೆ. ಇಲಿಗಳಿಗೆಂದು ಮಾರುವ ತಿರುಗುವ ಚಕ್ರಗಳು ಮೊಲದ ಬೆನ್ನಿಗೆ ತಕ್ಕವಲ್ಲ. ಪ್ರತಿದಿನವೂ ಬೆಳಗ್ಗೆ ಸಂಜೆ ಜಾರದ ನೆಲದ ಮೇಲೆ ಬಿಟ್ಟು, ಕಾಳಿನ ಆಹಾರವನ್ನು ಅಲ್ಲಲ್ಲಿ ಚೆಲ್ಲಿದರೆ ಅದು ಹುಡುಕುತ್ತ ಓಡಾಡುತ್ತದೆ. ಮೂತಿಯ ನೇರ ಮುಂದಿರುವುದು ಮೊಲಕ್ಕೆ ಕಾಣುವುದಿಲ್ಲ. ಅಲ್ಲಿ ವಾಸನೆ ಮತ್ತು ಮೀಸೆಯ ಸ್ಪರ್ಶವೇ ಅದಕ್ಕೆ ದಾರಿ ತೋರುತ್ತವೆ. ಕೆಂಪು ಬಣ್ಣವನ್ನು ಅದು ನಮ್ಮಂತೆ ಗುರುತಿಸಲಾರದು. ಅಂಗಡಿಯ ಆಟಿಕೆಗಳ ಥಳಕು ಕೊಳ್ಳುವವರ ಕಣ್ಣಿಗೇ ಹೊರತು ಮೊಲಕ್ಕಲ್ಲ.

ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ನುಂಗಿದುದು ಕರುಳನ್ನೇ ಹಾದುಹೋಗಬೇಕು. ಆದಕಾರಣ ಬಣ್ಣ ಬಳಿದ ಮರ, ಮೆತು ಪ್ಲಾಸ್ಟಿಕ್, ನೂಲು ಬಿಚ್ಚುವ ಬಟ್ಟೆ, ಅಂಟುಪಟ್ಟಿ ಅಥವಾ ತಂತಿಯ ಪಿನ್ನು ಉಳಿದಿರುವ ರಟ್ಟಿನ ಡಬ್ಬಿ ಇವೆಲ್ಲವೂ ವರ್ಜ್ಯ. ಎಷ್ಟೇ ಒಳ್ಳೆಯ ಆಟಿಕೆಯೂ ಇನ್ನೊಂದು ಮೊಲದ ಸಂಗಕ್ಕೆ ಸಮನಲ್ಲ ಎಂಬುದನ್ನೂ ನೆನಪಿಡಬೇಕು.

ಇಷ್ಟಾದರೂ ಪ್ರತಿಯೊಂದು ಮೊಲಕ್ಕೂ ತನ್ನದೇ ಆದ ರುಚಿಯುಂಟು. ಅದನ್ನು ತಿಳಿಯಲು ವಿದ್ಯಾರ್ಥಿಗಳು ತಾವೇ ಒಂದು ಸರಳ ಪ್ರಯೋಗವನ್ನು ನಡೆಸಬಹುದು. ತೋಡುವ ಪೆಟ್ಟಿಗೆ, ಕೊಳವೆ, ಹುಲ್ಲಿನ ಬುಟ್ಟಿ ಈ ಮೂರನ್ನೂ ಇಟ್ಟು, ಒಂದು ವಾರ ಪ್ರತಿ ಸಂಜೆ ಅರ್ಧ ಗಂಟೆ ದೂರದಲ್ಲಿ ಕುಳಿತು, ಮೊಲವು ಯಾವುದರ ಬಳಿ ಎಷ್ಟು ನಿಮಿಷ ಕಳೆಯಿತೆಂದು ಬರೆದಿಡಿ. ದಿನವೂ ಅವುಗಳ ಸ್ಥಾನವನ್ನು ಅದಲುಬದಲು ಮಾಡಿ. ಇಲ್ಲವಾದರೆ ಅದು ಮೆಚ್ಚಿದ್ದು ವಸ್ತುವನ್ನೋ ಮೂಲೆಯನ್ನೋ ತಿಳಿಯದು. ಮೊದಲ ದಿನ ಹೊಸತನದ ಭಯವಿರಬಹುದು. ಕಡೆಯ ದಿನಗಳಲ್ಲಿ ಬೇಸರ ಕಾಣಬಹುದು. ಬೇಸರ ಕಂಡ ವಸ್ತುವನ್ನು ಕೆಲವು ದಿನ ಎತ್ತಿಟ್ಟು ಮತ್ತೆ ಕೊಟ್ಟು ನೋಡಿ. ನಡುವೆ ಎಂದಾದರೂ ಮೊಲವು ಗಾಳಿಯಲ್ಲಿ ನೆಗೆದು, ಮೈ ತಿರುಚಿ, ಕಾಲು ಝಾಡಿಸಿದರೆ ಅದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಅದು ಸಂತೋಷದ ನೆಗೆತ. ಮೂಲೆಯಲ್ಲಿ ಮುದುರಿ ಕುಳಿತ ‘ಸಾಧು’ ಮೊಲದಲ್ಲಿ ಅದನ್ನು ಕಾಣಲಾಗುವುದಿಲ್ಲ.