ಜಠರಕ್ಕೆ ಸುತ್ತಿದ ಪಟ್ಟಿ ಸಾಲದಾದಾಗ

ತುಂಬಿದ ಚೀಲದ ಬಾಯಿಯಿಂದ ಸ್ವಲ್ಪ ಕೆಳಗೆ ಹುರಿ ಬಿಗಿದು ನೋಡಿ, ಮೇಲೊಂದು ಪುಟ್ಟ ಚೀಲ ಆಗುತ್ತದೆ. ಗ್ಯಾಸ್ಟ್ರಿಕ್ ಬ್ಯಾಂಡ್ ಮಾಡುವುದೂ ಅಷ್ಟೇ. ಅತಿ ಬೊಜ್ಜಿನವರ ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಸುತ್ತುತ್ತಾರೆ. ಅದರ ಒಳಮೈಯಲ್ಲಿ ಬಲೂನು; ಚರ್ಮದಡಿಯ ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರೆ ಬಿಗಿ, ತೆಗೆದರೆ ಸಡಿಲ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ.

ಆದರೆ ಹಲವರ ತೂಕ ಎಣಿಸಿದಷ್ಟು ಇಳಿಯಲಿಲ್ಲ. ಯಾಕೆ? ಗಟ್ಟಿ ರೊಟ್ಟಿಯನ್ನು ಪಟ್ಟಿ ತಡೆಯುತ್ತದೆ, ಐಸ್‌ಕ್ರೀಮು ಸಲೀಸಾಗಿ ಜಾರುತ್ತದೆ. ಇನ್ನೊಂದು ಕಾರಣವೂ ಇರಬಹುದು. ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನು (1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು) ಹೆಚ್ಚಾಗಿ ಹುಟ್ಟುವುದು ಜಠರದಲ್ಲೇ. ಪಟ್ಟಿ ದಾರಿ ಕಿರಿದು ಮಾಡುತ್ತದೆ, ಜಠರವನ್ನು ಇದ್ದ ಹಾಗೇ ಬಿಡುತ್ತದೆ. ಹಾಗಾಗಿ ರೋಗಿಗೆ ಬಾಯಿಚಪಲ ಅಂತ ಬೈಯೋದು ನ್ಯಾಯವಲ್ಲ.

ಹಾಗಾದ್ರೆ ಮತ್ತೊಂದು ಆಪರೇಷನ್ನಾ? ತಡೆಯಿರಿ. ಮೊದಲು ಬೇರಿಯಂ ಕುಡಿಸಿ ಎಕ್ಸ್‌-ರೇ, ಆಮೇಲೆ ಎಂಡೋಸ್ಕೋಪಿ. ಪಟ್ಟಿ ಜಾರಿದೆಯೇ? ಜಠರದ ಗೋಡೆ ಕೊರೆದಿದೆಯೇ? ಬರೀ ಸಡಿಲವಾಗಿದ್ದರೆ ಸೂಜಿಯೇ ಸಾಕಾಗಬಹುದು, ಕೊರೆದಿದ್ದರೆ ತೆಗೆಯಲೇಬೇಕು.

ತೆಗೆದ ಮೇಲೆ ಮುಖ್ಯವಾಗಿ ಎರಡು ದಾರಿ. ಸ್ಲೀವ್‌ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸುತ್ತಾರೆ, ಗ್ರೆಲಿನ್ನೂ ಇಳಿಯುತ್ತದೆ. ಆದರೆ ಎದೆಯುರಿ ಹೆಚ್ಚಬಹುದು. ಎದೆಯುರಿ ಇದ್ದವರಿಗೆ ಬೈಪಾಸ್ ವಾಸಿ, ಅದಕ್ಕೆ ಬಿ12, ಕಬ್ಬಿಣದಂಥ ಪೋಷಕಾಂಶಗಳ ಮಾತ್ರೆ ಜೀವಮಾನವಿಡೀ ಬೇಕು.

ಇನ್ನೊಂದು ತೊಡಕು: ಪಟ್ಟಿ ಇದ್ದ ಜಾಗದಲ್ಲಿ ಗಾಯ ಮಾಗಿದ ಗಡಸು ಅಂಗಾಂಶ ಬೆಳೆದಿರುತ್ತದೆ. ಅಲ್ಲಿ ಹೊಲಿಗೆ ಸರಿಯಾಗಿ ಕೂಡದೆ ಸೋರುವ ಭಯ. ಅದಕ್ಕೇ ಕೆಲವು ವೈದ್ಯರು ಪಟ್ಟಿ ತೆಗೆದು, ಕೆಲವು ತಿಂಗಳು ಕಾದು, ಆಮೇಲೆ ಎರಡನೆಯದಕ್ಕೆ ಕೈ ಹಾಕುತ್ತಾರೆ. ಆ ಅವಧಿಯಲ್ಲಿ ತೂಕ ಮತ್ತೆ ಏರುವುದುಂಟು. ಸೋರಿಕೆಗಿಂತ ಅದೇ ಮೇಲು ಅಂತ ಅವರ ಲೆಕ್ಕ.